ಅರ್ಧಕ್ಕೆ ಬಣ್ಣ ಬಳಿದ ಹಪ್ಪಳ

ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಏಳುತ್ತಿದ್ದ ಕಾಲ. ಅಜ್ಜಂಪುರದಲ್ಲಿ ಲೆಕ್ಕದ ಮೇಷ್ಟರಾಗಿದ್ದ ನಾನೂ ಒಂದು ಮಹಾಕಾರ್ಯಕ್ಕೆ ಕೈಹಾಕಿದೆ. ಸಮಾನ ಭಿನ್ನರಾಶಿಯನ್ನು ಮಕ್ಕಳ ತಲೆಗೆ ಹತ್ತಿಸಿಯೇ ತೀರುತ್ತೇನೆಂದು ಪಣ ತೊಟ್ಟೆ!

ಅರ್ಧ ದೊಡ್ಡದೋ, ಎಂಟರಲ್ಲಿ ನಾಲ್ಕು ಭಾಗ ದೊಡ್ಡದೋ ಎಂದು ಕೇಳಿದರೆ ಇಡೀ ತರಗತಿ ನಾಲ್ಕರ ಪರ ನಿಂತಿತ್ತು. ಬೆತ್ತ ಬೇಡ, ಬಣ್ಣದಿಂದ ಗೆಲ್ಲೋಣವೆಂದು ಕಾಗದದ ಮೇಲೆ ಚಕ್ರ ಬರೆಸಿ, ಕೆಲವರಿಂದ ಅರ್ಧಕ್ಕೂ ಕೆಲವರಿಂದ ನಾಲ್ಕರಲ್ಲಿ ಎರಡು ಭಾಗಕ್ಕೂ ಬಣ್ಣ ಹಚ್ಚಿಸಿದೆ. ಒಬ್ಬನ ಚಕ್ರ ರಾಗಿರೊಟ್ಟಿಯಷ್ಟು, ಇನ್ನೊಬ್ಬಳದು ನಿಪ್ಪಟ್ಟಿನಷ್ಟು. ಎಲ್ಲಿ ಸಮ ಇದೆ ತೋರಿಸಿ ಎಂದರು ಮಕ್ಕಳು. ನ್ಯಾಯವಾದ ಪ್ರಶ್ನೆಯೇ. ಒಂದೇ ಅಳತೆಯ ಚಕ್ರಗಳು ಬೇಕಿದ್ದವು.

ಭಾನುವಾರ ನನ್ನ ಹೆಂಡತಿ ಕಾಂತಮ್ಮ ತರೀಕೆರೆಗೆ ಹೋಗುವಾಗ, ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳವನ್ನು ಕಾಗೆ ಮುಟ್ಟದಂತೆ ನೋಡಿಕೊಳ್ಳಲು ಹೇಳಿದಳು. ನೋಡಿಕೊಳ್ಳುತ್ತ ಕೂತಾಗಲೇ ನನಗೆ ಹೊಳೆಯಿತು. ಡಬ್ಬಿಯ ಮುಚ್ಚಳ ಒತ್ತಿ ಕತ್ತರಿಸಿದ ಹಪ್ಪಳ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಕೂಡಲೇ ಬೀದಿಯಲ್ಲಿ ಆಡುತ್ತಿದ್ದ ಶಿಷ್ಯರನ್ನೆಲ್ಲ ಕೂಗಿದೆ. ಅರಿಸಿನ, ಕುಂಕುಮ, ಬಟ್ಟೆಗೆ ಹಾಕುವ ನೀಲಿ ಎಲ್ಲವನ್ನೂ ನೀರಿನಲ್ಲಿ ಕದಡಿ, ಕಡ್ಡಿಗೆ ಹತ್ತಿ ಸುತ್ತಿ ಕೊಟ್ಟೆ.

ಮಕ್ಕಳು ಉಸಿರು ಬಿಗಿಹಿಡಿದು ಎರಡು, ನಾಲ್ಕು, ಎಂಟು ಭಾಗವಾಗುವಂತೆ ಗೆರೆ ಎಳೆದರು, ಒಂದು ಬದಿಯ ಅರ್ಧದಷ್ಟು ಭಾಗಗಳಿಗೆ ಬಣ್ಣ ಬಳಿದರು. ಒಬ್ಬರ ಹಪ್ಪಳದ ಪಕ್ಕ ಇನ್ನೊಬ್ಬರದ್ದಿಟ್ಟು ತಲೆ ಬಗ್ಗಿಸಿ ನೋಡಿದರು. ಕರಿಯಮ್ಮ ಎಂಬ ಹುಡುಗಿ ಬಹಳ ಹೊತ್ತು ನೋಡಿ ಮೆಲ್ಲಗೆ ಹೇಳಿದಳು: "ಸಾ, ಗೆರೆ ಜಾಸ್ತಿ ಆಯ್ತು. ಬಣ್ಣ ಜಾಸ್ತಿ ಆಗ್ಲಿಲ್ಲ."

ನನ್ನ ಕಣ್ಣು ತುಂಬಿ ಬಂತು. ಆ ಸಂತೋಷದಲ್ಲಿ ಯಾರನ್ನೂ ತಡೆಯಲಿಲ್ಲ. ಹದಿನಾರು ಭಾಗ ಮಾಡಿದರೆ ಏನಾಗುತ್ತದೆ ಎಂದು ಒಬ್ಬ ಕೇಳಿದ, ಮಾಡಿ ನೋಡು ಎಂದೆ. ಕೊನೆಗೆ ಅಂಗಳದಲ್ಲಿ ಬಣ್ಣ ಕಾಣದ ಹಪ್ಪಳ ಒಂದೂ ಉಳಿಯಲಿಲ್ಲ. ಪ್ರತಿಯೊಂದೂ ಸರಿಯಾಗಿ ಅರ್ಧ ಬಿಳಿ, ಅರ್ಧ ರಂಗು!

ಆಗ ಬಂದವರು ಪಕ್ಕದ ಮನೆಯ ಅಂಬಮ್ಮ. ಚಾಪೆಯತ್ತ ನೋಡಿ ಅಲ್ಲೇ ಕುಕ್ಕರುಬಡಿದರು. ಉದ್ದು ಅವರ ಹೊಲದ್ದಂತೆ, ಲಟ್ಟಿಸಿದ್ದು ಇಬ್ಬರೂ ಸೇರಿಯಂತೆ, ಹಪ್ಪಳ ಸಮಪಾಲಂತೆ. ನನಗೆ ಯಾರೂ ಹೇಳಿರಲಿಲ್ಲ. ಮಗಳ ನಿಶ್ಚಿತಾರ್ಥಕ್ಕೆ ಬುಧವಾರವೇ ಬೀಗರು ಬರುತ್ತಾರೆ ಎಂದು ಹಣೆ ಚಚ್ಚಿಕೊಂಡರು. ಭಿನ್ನರಾಶಿ ಎರಡು ಮನೆಗಳ ಭಿನ್ನಾಭಿಪ್ರಾಯಕ್ಕೆ ತಿರುಗುವ ಹೊತ್ತಿಗೆ ಸರಿಯಾಗಿ ಕಾಂತಮ್ಮ ಬಸ್ಸಿಳಿದು ಬಂದಳು.

ಅವಳು ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಒಂದೊಂದೇ ಹಪ್ಪಳವನ್ನು ಎತ್ತಿ ತಿರುಗಿಸಿ ನೋಡಿ, ಇದೇನೆಂದು ವಿಚಾರಿಸಿದಳು. ನಾನು ಅಳುಕುತ್ತಲೇ ಪಾಠವನ್ನು ಮೊದಲಿನಿಂದ ಒಪ್ಪಿಸಿದೆ.

"ಅಂದ್ರೆ, ಅರ್ಧಕ್ಕೂ ಎರಡು ಕಾಲಿಗೂ ಏನೂ ವ್ಯತ್ಯಾಸ ಇಲ್ಲ?"

"ಎಳ್ಳಷ್ಟೂ ಇಲ್ಲ ಕಣೇ."

ಅವಳು ಸ್ವಲ್ಪ ಯೋಚಿಸಿ ಒಳಗಿನಿಂದ ಕತ್ತರಿ ತಂದು ನನ್ನ ಕೈಗಿತ್ತಳು. "ಬಿಳೀ ಅರ್ಧ ಎಲ್ಲ ಅಂಬಕ್ಕನಿಗೆ, ಬಣ್ಣದ್ದು ನಮ್ಗೆ. ಬಿಳೀದನ್ನ ಇನ್ನೊಂದ್ಸಲ ಸಮವಾಗಿ ಕತ್ತರಿಸ್ರೀ. ಅರ್ಧ ಹಪ್ಪಳ ಬಡಿಸಿದ್ರೆ ಬೀಗರು ಮುರುಕು ಅಂತಾರೆ. ಎರಡು ಕಾಲು ಬಡಿಸಿದ್ರೆ ಹೊಸ ನಮೂನೆ ಅಂತಾರೆ."

ಹಸಿಯಾಗಿದ್ದ ಹಪ್ಪಳಗಳನ್ನು ಕತ್ತರಿಸಿ ಕತ್ತರಿಸಿ ನನ್ನ ಹೆಬ್ಬೆರಳು ಬೊಬ್ಬೆಯೆದ್ದಿತು. ನಮ್ಮ ಪಾಲಿನಲ್ಲಿ ನೀಲಿ ಬಳಿದದ್ದೆಲ್ಲ ತಿಪ್ಪೆ ಸೇರಿತು. ಆದರೆ ಬುಧವಾರ ಬೀಗರು ಆ ಮುಮ್ಮೂಲೆ ಹಪ್ಪಳವನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಇದು ಯಾವ ಊರಿನ ಕ್ರಮವೆಂದು ವಿಚಾರಿಸಿದರಂತೆ. ನಿಶ್ಚಿತಾರ್ಥ ಸುಸೂತ್ರವಾಗಿ ಮುಗಿಯಿತು.

ಮರುದಿನ ಅಂಬಮ್ಮ ನಗುನಗುತ್ತ ನಮ್ಮ ಮನೆಗೆ ಬಂದರು. ನನ್ನ ಬೋಧನೆಯ ಹಿರಿಮೆಗೆ ಎರಡು ಮಾತು ಬೀಳುತ್ತದೆಂದು ನಾನು ಎದ್ದು ನಿಂತು ಶಲ್ಯ ಸರಿಮಾಡಿಕೊಂಡೆ.

"ಮದುವೆಗೆ ಸಂಡಿಗೆ ಇಡ್ಬೇಕು ಮೇಷ್ಟ್ರೇ," ಎಂದರು. "ನಿಮ್ ಇಸ್ಕೂಲಿಗೆ ರಜ ಇಲ್ದೇ ಇರೋ ದಿನ ಯಾವ್ದು, ಒಸಿ ಹೇಳ್ತೀರಾ?"