ಗೋಡೆ ಮುಟ್ಟಿದವರ ಹೆಬ್ಬೆಟ್ಟು

ಹತ್ತಿರ ಬನ್ನಿ, ಕಾಲು ಚಾಚಿ ಆರಾಮಾಗಿ ಕೂತ್ಕೊಳ್ಳಿ. ಮಧ್ಯೆ ಎದ್ದು ಹೋಗೋರು ಈಗಲೇ ಎದ್ದುಬಿಡಿ. ಈಜುಕೊಳ ಇರುವುದು ಈಜುವುದಕ್ಕೆ. ಇದು ಕಚೇರಿಯ ಮೊಹರು ಬಿದ್ದ ಮಾತು, ಯಾರೂ ಅಲ್ಲಗಳೆಯುವಂತಿಲ್ಲ.

ಆ ಕೊಳದಲ್ಲಿ ಚಿನಕುರುಳಿ ಅಂತ ಒಬ್ಬ ಹುಡುಗಿ ಈಜುತ್ತಿದ್ದಳು. ಕೊಳದ ಉದ್ದ ಎಂಟು ಸಲ ದಾಟಿದರೆ ಅವಳ ಪಂದ್ಯ ಮುಗಿಯಿತು. ಅದನ್ನು ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಮುಗಿಸಿದರೆ ತಂಡಕ್ಕೆ ಆಯ್ಕೆ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತೆ. ಏಳು ವರ್ಷ ತಣ್ಣೀರಿಗೆ ಬಿದ್ದ ಮೈ, ಇದೊಂದೇ ಸಲ ಉಳಿದಿತ್ತು.

ಅವಳನ್ನು ತಿದ್ದುತ್ತಿದ್ದ ಕೋಚಮ್ಮ ಹೇಳಿದರು: "ಪಂದ್ಯದ ವೇಗದಲ್ಲೇ ಅಭ್ಯಾಸ. ಒಂದು ಉದ್ದಕ್ಕೆ ಹದಿನೆಂಟು ಸೆಕೆಂಡು. ಗೋಡೆ ಹಿಡಿದು ಇಪ್ಪತ್ತು ಸೆಕೆಂಡು ಸುಧಾರಿಸ್ಕೋ, ಮತ್ತೆ ಹೊರಡು. ಹೀಗೆ ಮೂವತ್ತು ಸಲ. ವೇಗ ತಪ್ಪಿತೋ, ಅವತ್ತಿಗೆ ಸಾಕು, ಮೇಲೆ ಬಾ."

"ಭುಜ ಬಿದ್ದುಹೋಗುತ್ತೆ ಕೋಚಮ್ಮ!"

"ನೋವು ಇದ್ದದ್ದೇ. ಬೇಜಾರೂ ಬರುತ್ತೆ. ತುಂಡು ತುಂಡಾಗಿ ಈಜಿದವಳಿಗೆ ಇಡೀ ಪಂದ್ಯದ ಸುಸ್ತು ಗೊತ್ತಾಗೋದು ಪಂದ್ಯದಲ್ಲೇ. ಆದ್ರೆ ಮೈಗೆ ಏನು ಅಭ್ಯಾಸ ಮಾಡಿಸ್ತೀವೋ, ಆ ದಿನ ಅದು ಅದನ್ನೇ ಮಾಡುತ್ತೆ."

ಈ ಕೊನೇ ಮಾತು ನೆನಪಿಟ್ಕೊಳ್ಳಿ.

ಕೊಳದ ಅಧೀಕ್ಷಕರು ಮಹಡಿ ಕಿಟಕಿಯಿಂದ ನೋಡಿದರು. ಹತ್ತು ಜನ ನೀರಲ್ಲಿದ್ದಾರೆ, ಹತ್ತೂ ಜನ ಗೋಡೆಗೆ ಜೋತುಬಿದ್ದಿದ್ದಾರೆ. ಬೈಯೋಣವೆಂದು ಕೆಳಗಿಳಿದರೆ ಎಲ್ಲರೂ ಈಜುತ್ತಿದ್ದರು. ಮೇಲೆ ಹತ್ತಿ ನೋಡಿದರೆ ಮತ್ತೆ ಜೋತುಬಿದ್ದಿದ್ದರು. ಮೂರನೇ ಸಲ ಮೆಟ್ಟಿಲು ಹತ್ತಿದವರು ಇಳಿಯಲಿಲ್ಲ, ಪ್ರಕಟಣೆ ಇಳಿಯಿತು.

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಕೊಳದಲ್ಲಿ ಈಜದೇ ಇರುವುದು ಕೊಳದ ದುರುಪಯೋಗವಾಗಿರುತ್ತದೆ. ಗೋಡೆ ಮುಟ್ಟಿದವರು ವಿಶ್ರಾಂತಿ ವಹಿಯಲ್ಲಿ ಕಾರಣ ಬರೆಸಿ, ಒಣ ಹೆಬ್ಬೆಟ್ಟು ಒತ್ತಿದ ನಂತರವೇ ಮುಂದುವರಿಯತಕ್ಕದ್ದು."

ವಹಿ, ಶಾಯಿ, ಟವಲ್ಲು ಹೊತ್ತ ಗುಮಾಸ್ತರು ಮಂಡಿನೋವಿನಲ್ಲಿ ಕುಂಟುತ್ತಾ ಕೊಳದ ಸುತ್ತ ನಡೆದರು.

"ಕಾರಣ?"

"ಉಸಿರು," ಅಂದಳು ಚಿನಕುರುಳಿ.

"ಬರೀ ಉಸಿರು ಅಂದ್ರೆ ಹೇಗಮ್ಮ? ಒಳಗೆ ಹೋಗೋದೋ, ಹೊರಗೆ ಬರೋದೋ?"

"ಎರಡೂ, ಮಾಮ."

"ಹಾಗಾದ್ರೆ ಎರಡು ಸಾಲು ಬೇಕು. ಬೆರಳು ಕೊಡು."

ಇಪ್ಪತ್ತು ಸೆಕೆಂಡಿನ ವಿಶ್ರಾಂತಿ ಆರು ನಿಮಿಷವಾಯಿತು. ಕೋಚಮ್ಮ ತಲೆ ಚಚ್ಚಿಕೊಂಡರು. ಆಮೇಲೆ ಗಡಿಯಾರವನ್ನು ಎರಡೆರಡು ಸಲ ನೋಡಿದರು. ಒಂದು ಉದ್ದಕ್ಕೆ ಹದಿನೈದೇ ಸೆಕೆಂಡು! ಅಷ್ಟು ಹೊತ್ತು ಸುಧಾರಿಸಿಕೊಂಡ ಮೈ ಬಾಣದ ಹಾಗೆ ಹೋಗದೆ ಇನ್ನೇನು ಮಾಡೀತು?

"ನೋಡಿದ್ರಾ ಹೆಬ್ಬೆಟ್ಟಿನ ಮಹಿಮೆ!" ಅಂದರು ಅಧೀಕ್ಷಕರು.

ಆಯ್ಕೆಯ ಪಂದ್ಯ ಅದೇ ಕೊಳದಲ್ಲಿ ನಡೆಯಿತು. ಅವಳೂ ಸೇರಿ ಎಂಟು ಜನ, ಮಿಕ್ಕವರು ಬೇರೆ ಕೊಳದವರು. ಸೀಟಿ ಕೂಗಿತು, ಚಿನಕುರುಳಿ ಎಲ್ಲರಿಗಿಂತ ಮೊದಲು ಆಚೆ ಗೋಡೆ ಮುಟ್ಟಿದಳು. ಉಸಿರಿತ್ತು, ತೋಳಲ್ಲಿ ಕಸುವಿತ್ತು, ಮನಸ್ಸು "ತಿರುಗೇ, ಹೊರಡೇ" ಅನ್ನುತ್ತಿತ್ತು. ಬಲಗೈ ಹೆಬ್ಬೆಟ್ಟು ಮಾತ್ರ ತಾನಾಗಿ ನೀರಿಂದ ಮೇಲೆದ್ದು ನಿಂತಿತು.

"ಈಜೇ! ಎಲ್ಲರೂ ಹೋದ್ರು, ಈಜೇ!"

"ಇಳೀತಿಲ್ಲ ಕೋಚಮ್ಮ!" ಅಂತ ಅವಳು ಅತ್ತೇಬಿಟ್ಟಳು.

ಗುಮಾಸ್ತರು ನಡೆದು ಬಂದರು. ಒರೆಸಿದರು, ಒತ್ತಿಸಿದರು. ಹುಡುಗಿ ಬಾಣವಾದಳು. ಮುಂದಿನ ಗೋಡೆ, ಮತ್ತೆ ಹೆಬ್ಬೆಟ್ಟು. ಉಳಿದವರು ಪಂದ್ಯ ಮುಗಿಸಿ, ಮೈ ಒರೆಸಿ, ಜಡೆ ಹಾಕಿಕೊಂಡು ಬಂದು ಅವಳ ಏಳನೇ ಹೆಬ್ಬೆಟ್ಟಿಗೆ ಚಪ್ಪಾಳೆ ತಟ್ಟಿದರು. ಒಟ್ಟು ನಲವತ್ನಾಲ್ಕು ನಿಮಿಷ.

ತೀರ್ಪುಗಾರರು ವಹಿ ತರಿಸಿ ಓದಿ ತಲೆದೂಗಿದರು. ಅನುಮತಿ ಪಡೆದ ವಿಶ್ರಾಂತಿ ಪಂದ್ಯದ ಭಾಗವಲ್ಲವಾದ್ದರಿಂದ ನಲವತ್ತೆರಡು ನಿಮಿಷ ಕಳೆಯಲಾಯಿತು. ಉಳಿದದ್ದು ಎರಡು ನಿಮಿಷ. ಪ್ರಥಮ! ಮಿಕ್ಕ ಏಳು ಜನ ನಲವತ್ತೊಂಬತ್ತು ಸಲ ಅನುಮತಿಯಿಲ್ಲದೆ ಗೋಡೆ ಮುಟ್ಟಿದ್ದರು, ಅನರ್ಹರಾದರು. ಅವರ ಅಪ್ಪಅಮ್ಮಂದಿರೂ ಕಾನೂನು ಕಾನೂನೇ ಅಂದರು.

ಆಮೇಲೆ? ಅಧೀಕ್ಷಕರಿಗೆ ಬಡ್ತಿಯಾಗಿ ಗ್ರಂಥಾಲಯಕ್ಕೆ ಹೋದರು. ಅಲ್ಲಿ ಪುಟ ತಿರುಗಿಸುವವರು ವಹಿಯಲ್ಲಿ ಕಾರಣ ಬರೆಸುತ್ತಾರೆ. ನಡೆದೂ ನಡೆದೂ ಗುಮಾಸ್ತರ ಮಂಡಿನೋವು ವಾಸಿಯಾಯಿತು. ಆ ಏಳು ಹುಡುಗಿಯರು ಕೋಚಮ್ಮನ ಹತ್ತಿರವೇ ಸೇರಿದ್ದಾರೆ. ದಿನಕ್ಕೆ ಎರಡು ನಿಮಿಷ ಈಜು, ಮಿಕ್ಕಿದ್ದೆಲ್ಲ ಹೆಬ್ಬೆಟ್ಟು.

ಚಿನಕುರುಳಿ ತಂಡದಲ್ಲಿ ಹೆಸರು ಮಾಡಿದಳು, ಮದುವೆಯೂ ಆಯಿತು. ಈಗಲೂ ಮನೆಯಲ್ಲಿ ಗೋಡೆಗೆ ಕೈ ತಗುಲಿದರೆ ಸಾಕು, ಹೆಬ್ಬೆಟ್ಟು ಎದ್ದು ನಿಲ್ಲುತ್ತೆ. ಯಾರೂ ಏನೂ ಅನ್ನುವುದಿಲ್ಲ. ಅತ್ತೆ ಟವಲ್ಲು ತರುತ್ತಾರೆ, ಮಾವ ಶಾಯಿ ತರುತ್ತಾರೆ.