ಕುಲಗೆಟ್ಟ ವೋಟು

ಭದ್ರಮ್ಮನ ಮೊಮ್ಮಗಳ ಮದುವೆಯನ್ನು ಉದಾಹರಣೆಗೆ ಎಳೆದು ತರದೇ ಇದ್ದಿದ್ದರೆ ರುದ್ರಪ್ರಸಾದನ ಆ ದಿನವೂ ಉಳಿದ ದಿನಗಳ ಹಾಗೆ ಹಾಲು ಅಳೆಯುವುದರಲ್ಲೇ ಮುಗಿದುಹೋಗುತ್ತಿತ್ತು.

ಗುಡೇಮಾರನಹಳ್ಳಿಯಿಂದ ಎರಡು ಮೈಲಿ ಆಚೆಯ ಊರಿನ ಹಾಲಿನ ಡೇರಿಗೆ ಅವನು ಹನ್ನೊಂದು ವರ್ಷದಿಂದ ಸೆಕ್ರೆಟರಿ. ಡೇರಿಯ ಚುನಾವಣೆಯಲ್ಲಿ ಈ ಸಲ ಮುದ್ರೆ ಒತ್ತುವ ಹಾಗಿರಲಿಲ್ಲ. ನಿಂತವರ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ಒಂದು ಬರೆಸಿಕೊಂಡವನು ಎಣಿಕೆಯಲ್ಲಿ ಕಡೆಯವನಾಗಿ ಬಿದ್ದುಹೋದರೆ ಆ ವೋಟು ಎರಡನೆಯವನಿಗೆ ಹೋಗುತ್ತದೆ. ಹೊಸ ಪದ್ಧತಿ. ಚುನಾವಣೆ ನಡೆಸುವ ತಾಲ್ಲೂಕು ಕಚೇರಿಯ ಸಾಹೇಬರು ಬೆಳಗಾಗುತ್ತಲೇ ಫೋನ್ ಮಾಡಿದ್ದರು.

"ಸಂಜೆ ಐದಕ್ಕೆ ಅಣಕು ಮತದಾನ ಮಾಡ್ಸಿ. ಕುಲಗೆಟ್ಟ ಮತ ಹತ್ತರ ಮೇಲೆ ಒಂದು ಬಂದ್ರೂ ನಿಮ್ಮ ಕೆಲಸ ಮರೆತುಬಿಡಿ."

ಹಾಲಿನ ಸಾಲಿನಲ್ಲಿ ನಿಂತವರಿಗೆ ಅವನು ಅದನ್ನೇ ಹೇಳಿದ. ಭದ್ರಮ್ಮ ಕ್ಯಾನನ್ನು ದಡಕ್ಕನೆ ಕೆಳಗಿಟ್ಟಳು.

"ಕುಲಗೆಟ್ಟಿದ್ದಾ? ನಮ್ ಕುಲಕ್ಕೆ ಏನಾಗೈತಪ್ಪಾ?"

"ಅಯ್ಯೋ ಅವ್ವಾ, ತಪ್ಪು ಬಿದ್ದ ವೋಟಿಗೆ ಹಂಗಂತಾರೆ. ಜಾಸ್ತಿ ಇಷ್ಟ ಆದೋರಿಗೆ ಒಂದು ಬರೀಬೇಕು, ಅಷ್ಟೇಯ."

"ಇಷ್ಟ ಆದೋನ್ಗೆ ಒಂದು, ಆಗ್ದಿದ್ದೋನ್ಗೆ ಮೂರಾ? ಇದ್ಯಾವ ನ್ಯಾಯ ಕಣಪ್ಪಾ! ಒಬ್ಬನ್ಗೆ ಹಾಕಿದ್ಮೇಲೆ ಇನ್ನೊಬ್ಬನ್ಗ್ಯಾಕೆ?"

ಎಂಟನೆಯ ಸಲ ಹೇಳುವಷ್ಟರಲ್ಲಿ ರುದ್ರಪ್ರಸಾದನ ಗಂಟಲು ಒಣಗಿದ ಕೆರೆಯಾಗಿತ್ತು. "ನೋಡವ್ವಾ, ನಿಮ್ ಮೊಮ್ಮಗಳು ಮಾನ್ಯಂಗೆ ಬಿಡದಿ ಗಂಡು ಗೊತ್ತಾಗೈತೆ. ಅವ ಒಂದು. ಅವ ಬರಲಿಲ್ಲ ಅಂತ ಇಟ್ಕೊ. ಆಗ ಎರಡನೇ ಗಂಡು ನೋಡಾಕಿಲ್ವಾ? ವೋಟೂ ಹಂಗೇಯ."

ಸಾಲಿನಲ್ಲಿದ್ದ ಕತ್ತುಗಳೆಲ್ಲ ಭದ್ರಮ್ಮನ ಕಡೆ ತಿರುಗಿದವು.

"ಗಂಡು ಬರಾಕಿಲ್ಲ ಅಂತ ನಿಂಗ್ಯಾರು ಹೇಳುದ್ರು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು ಅವಳು.

ಎಂಟು ಗಂಟೆಗೆ ಊರ ಬಾಯಲ್ಲಿ ಅದು, ಬಿಡದಿ ಗಂಡು ಒಲ್ಲೆ ಅಂದನಂತೆ ಎಂದಾಯಿತು. ಹತ್ತಕ್ಕೆ ಅವನಿಗೆ ಮಾಗಡಿಯಲ್ಲಿ ಒಬ್ಬಳು ಹೆಂಡತಿಯೂ ಹುಟ್ಟಿಕೊಂಡಳು. ಮಧ್ಯಾಹ್ನ ದಿನಸಿ ಅಂಗಡಿಯ ವೀರಭದ್ರಯ್ಯ ಕಳಕಳಿ ತಡೆಯಲಾರದೆ ಗಂಡಿನ ಮನೆಗೇ ಫೋನ್ ಮಾಡಿ ವಿಚಾರಿಸಿದ. ಅರ್ಧ ಗಂಟೆಯಲ್ಲಿ ಗಂಡಿನ ಅಪ್ಪನಿಂದ ಮಾನ್ಯಳ ಅಪ್ಪ ಚಿಕ್ಕಯ್ಯನಿಗೆ ಉತ್ತರ ಬಂತು: "ಎರಡನೇ ಗಂಡು ಮಡಿಕ್ಕೊಂಡಿದ್ದೀರಂತೆ. ಅವನ್ಗೇ ಕೊಟ್ಕೊಳಿ."

ಮಾನ್ಯ ಡೇರಿಗೇ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. "ಅಣ್ಣಾ, ನಿಮ್ಮ ಎಲೆಕ್ಷನ್‌ಗೆ ನನ್ ಮದ್ವೆನೇ ಬೇಕಿತ್ತಾ?"

ರುದ್ರಪ್ರಸಾದನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳ ಎದುರೇ ಗಂಡಿನ ಅಪ್ಪನಿಗೆ ಫೋನ್ ಹಚ್ಚಿ, "ಯಜಮಾನ್ರೇ, ನಾನು ಡೇರಿ ಸೆಕ್ರೆಟರಿ. ಮಾನ್ಯನ ವಿಚಾರ..." ಎಂದು ಶುರುಮಾಡಿದ.

"ಓಹೋ, ಆ ಎರಡನೇ ಗಂಡು ನೀನೇಯಾ?" ಎಂದು ಅತ್ತಲಿಂದ ಫೋನ್ ಕಟ್ಟಾಯಿತು.

ಸಂಜೆ ಐದಕ್ಕೆ ಎಪ್ಪತ್ತೆರಡು ಸದಸ್ಯರು ಸೇರಿದರು. ರುದ್ರಪ್ರಸಾದ ಅಣಕು ಮತದಾನಕ್ಕೆಂದು ಇಡ್ಲಿ, ದೋಸೆ, ಉಪ್ಪಿಟ್ಟನ್ನು ಅಭ್ಯರ್ಥಿಗಳಾಗಿ ಬರೆದು ತಂದಿದ್ದ. ಚಿಕ್ಕಯ್ಯ ಆ ಹಾಳೆಯನ್ನು ಕಿತ್ತು ಬಿಸಾಕಿದ.

"ಅಭ್ಯಾಸಕ್ಕೆ ಯಾವ ಹೆಸ್ರಾದ್ರೇನು? ನನ್ ಮಗಳ ಮದ್ವೆ ಕೆಡ್ಸಿದೋರು ಮೂರು ಜನ. ನಮ್ಮವ್ವ, ವೀರಭದ್ರಯ್ಯೋರು, ನೀನು. ಅವೇ ಬರಿ. ಗೆದ್ದೋರು ನಾಳೆಯಿಂದ ಡೇರಿ ಮೆಟ್ಲು ಹತ್ತಂಗಿಲ್ಲ."

"ಸರಿಯಾಗಂದೆ ಕಣ್ಲಾ!" ಎಂದಿತು ಸಭೆ.

ಬೆಳಗಿನಿಂದ ಒಂದು ವೋಟೂ ಕೆಡದಿರಲಿ ಎಂದು ಬೇಡಿಕೊಳ್ಳುತ್ತಿದ್ದ ರುದ್ರಪ್ರಸಾದ, ಈಗ ಎಲ್ಲವೂ ಕೆಟ್ಟುಹೋಗಲಿ ಎಂದು ಮನೆದೇವರಿಗೆ ಹರಕೆ ಹೊತ್ತ. ಇವರಿಗೆ ಒಂದು ಯಾವುದು, ಮೂರು ಯಾವುದು ಎಂದು ಇನ್ನೂ ತಿಳಿದಿಲ್ಲ ಎಂಬುದೊಂದೇ ಅವನಿಗಿದ್ದ ಧೈರ್ಯ.

ಮೊದಲ ಚೀಟಿ ಬಿಚ್ಚಿದ. ರುದ್ರಪ್ರಸಾದ ಒಂದು, ವೀರಭದ್ರಯ್ಯ ಎರಡು, ಭದ್ರಮ್ಮ ಮೂರು. ಎರಡನೆಯದೂ ಹಾಗೆಯೇ. ಭದ್ರಮ್ಮ ಬರೆದ 'ಒಂದು' ಊರುಗೋಲಿನಷ್ಟು ಉದ್ದವಿತ್ತು, ಆದರೆ ಸರಿಯಾದ ಜಾಗದಲ್ಲೇ ಇತ್ತು. ಮೂವತ್ತನೆಯ ಚೀಟಿಯಲ್ಲಿದ್ದದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದ ದುಂಡು ಅಂಕಿ. ತಲೆಯೆತ್ತಿ ಹೆಂಡತಿ ಸೌಮ್ಯಶ್ರೀಯ ಕಡೆ ನೋಡಿದ.

"ಆ ಹುಡುಗಿ ಮುಖ ನೋಡಕ್ಕಾಗಲಿಲ್ಲ ಕಣ್ರೀ," ಎಂದು ಅವಳು ಸೆರಗು ಸರಿಮಾಡಿಕೊಂಡಳು.

ಎಪ್ಪತ್ತೆರಡೂ ಮುಗಿದವು. ಎರಡನೆಯ ಸುತ್ತಿನ ಎಣಿಕೆಯೇ ಬೇಕಾಗಲಿಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಎಷ್ಟು ಕುಲಗೆಟ್ವು ರೀ?" ಎಂದರು ಸಾಹೇಬರು.

"ಒಂದೂ ಇಲ್ಲ ಸಾರ್."

"ಒಂದೂ ಇಲ್ವಾ? ಶಭಾಷ್! ಇಡೀ ತಾಲ್ಲೂಕಲ್ಲಿ ಯಾರ ಕೈಲೂ ಆಗಿಲ್ಲ ಕಣ್ರೀ. ನಿಮ್ಮ ಕೆಲಸವನ್ನ ಇನ್ನು ಯಾರೂ ಮುಟ್ಟೋ ಹಂಗಿಲ್ಲ, ನಿಶ್ಚಿಂತೆಯಾಗಿರಿ!"

"ಥ್ಯಾಂಕ್ಸ್ ಸಾರ್," ಎಂದ ರುದ್ರಪ್ರಸಾದ, ಡೇರಿಯ ಬೀಗದ ಕೈ ಗೊಂಚಲನ್ನು ಚಿಕ್ಕಯ್ಯ ಚಾಚಿದ್ದ ಅಂಗೈಯಲ್ಲಿ ಇಡುತ್ತಾ.