ಹಳೆಯ ಗಡಿಗೆ ಪಳಗಿಸಿದ್ದು

ಕೆಲಸಗೇಡಿಯಿಂದ ಜಗತ್ತಿಗೆ ಆಗುವ ನಷ್ಟ ಕಡಿಮೆ. ಅವನು ಬೇವಿನ ಗಿಡದ ಕೆಳಗೆ ಮಲಗಿಬಿಡುತ್ತಾನೆ, ಮುಗಿಯಿತು. ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವ ನನ್ನಂಥವನಿಂದ ಅಪಾಯ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಮಾಸ್ತರರು ಉರ್ದುವನ್ನು ಬಲದಿಂದ ಎಡಕ್ಕಷ್ಟೇ ಬರೆಸುತ್ತಿದ್ದರು. ನಮ್ಮಪ್ಪ ಹೊಲ ಉಳುವಾಗ ರಂಟೆಯನ್ನು ಎರಡೂ ಕಡೆಯಿಂದ ಹೊಡೆಯುತ್ತಿದ್ದ. ಅಪ್ಪನದೇ ದೊಡ್ಡ ವಿದ್ಯೆಯಾಗಿ ಕಂಡಿತು. ಆದರೂ ಕಲಿತವರೆದುರು ಸೋಲಬಾರದೆಂಬ ಹಟ ಅಂದಿನಿಂದ ಮೈಗೆ ಅಂಟಿಕೊಂಡಿದೆ.

ರಜಾಕಾರರ ಗಲಾಟೆಗೆ ಎಷ್ಟೋ ಮುಂಚಿನ ಮಾತು. ಹುಲಿಹೈದರದ ಆಚೆಯ ಗುಡ್ಡದ ಬುಡದಲ್ಲಿ ಹಳೇ ಕಾಲದ ಗೋರಿಗಳನ್ನು ಅಗೆಸುತ್ತಿದ್ದರು. ಆಳುಗಳ ಮೇಲೆ ನಾನು ಮೇಸ್ತ್ರಿ. ಮೂರು ಗಡಿಗೆಗಳು ಇಡಿಯಾಗಿ ಸಿಕ್ಕವು. ಅವುಗಳಲ್ಲಿ ಆ ಕಾಲದ ಮಂದಿ ಏನು ಅಟ್ಟು ಉಂಡಿದ್ದರೆಂದು ಔಷಧ ಹಾಕಿ ಕಂಡುಹಿಡಿಯಲು ಹೈದರಾಬಾದಿನಿಂದ ರಸಾಯನದ ಸಾಹೇಬರೊಬ್ಬರು ಬರುವವರಿದ್ದರು. ಅಗೆಸುವ ಅಧಿಕಾರಿ ಗಡಿಗೆಗಳನ್ನು ನಮ್ಮ ಮನೆಯಲ್ಲಿ ಇಡಿಸಿ, ಏನೇ ಆದರೂ ತೊಳೆಯಕೂಡದೆಂದು ಮೂರು ಸಲ ಹೇಳಿ ಹೋದರು.

ತೊಳೆಯಲಿಲ್ಲ, ದೇವರಾಣೆ. ಆದರೆ ಕೈ ಸೋಕಿದರೆ ಸಾಕು, ಒಳಗಿನಿಂದ ಮಣ್ಣು ಉದುರುತ್ತಿತ್ತು. ನಮ್ಮ ಕಡೆ ಹೊಸ ಗಡಿಗೆಯನ್ನು ಒಲೆಗೇರಿಸುವ ಮುಂಚೆ ಪಳಗಿಸುತ್ತಾರೆ. ಜೋಳದ ಗಂಜಿ ತುಂಬಿಟ್ಟು, ಚೆಲ್ಲಿ, ಒಣಗಿಸಿ, ಒಳಮೈಗೆ ಕುಸುಬೆ ಎಣ್ಣೆ ಸವರಿದರೆ ಮಣ್ಣು ಗಟ್ಟಿಯಾಗುತ್ತದೆ. ಸಾಹೇಬರ ಕೈಯಲ್ಲಿ ಗಡಿಗೆ ಒಡೆದರೆ ನನ್ನ ಮೇಸ್ತ್ರಿಕೆಯೂ ಒಡೆದೀತೆಂದು ಮೂರನ್ನೂ ಪಳಗಿಸಿದೆ.

ಸಾಹೇಬರು ರಾಯಚೂರು ಕಡೆಯವರು, ತೆಳ್ಳಗಿನ ಸಾಧು ಮನುಷ್ಯ. ನಮ್ಮ ಮನೆಯ ಕಟ್ಟೆಯ ಮೇಲೆಯೇ ಗಾಜಿನ ನಳಿಕೆಗಳನ್ನು ಹರಡಿಕೊಂಡು ಕೂತರು. ಗಡಿಗೆಯ ತಳ ಕೆರೆದು, ಆ ಪುಡಿಯನ್ನು ನೀರಲ್ಲಿ ಕಾಸಿ, ಆರಿಸಿ, ಕಂದು ಬಣ್ಣದ ಔಷಧದ ಒಂದು ಹನಿ ಬಿಟ್ಟರು. ನೀರು ನೀಲಿಯಾಯಿತು. ಕಾಳಿನ ಹಿಟ್ಟಿದ್ದರೆ ಮಾತ್ರ ಹಾಗೆ ಆಗುವುದಂತೆ. ವರ್ಷಗಟ್ಟಲೆ ಹಳೆ ಮಡಕೆ ಕೆರೆದರೂ ಇಂಥ ನೀಲಿ ಕಂಡಿರಲಿಲ್ಲವಂತೆ.

“ಮೇಸ್ತ್ರಿ, ಅವರೂ ನಮ್ಮಂಗ ಗಂಜಿ ಕುಡಿಯೋ ಮಂದಿನ ನೋಡ್ರಿ,” ಎಂದರು. ಕಣ್ಣು ತುಂಬಿತ್ತು. ನಾಳಿನ ಟಪಾಲಿಗೇ ಹೈದರಾಬಾದಿಗೆ ವರದಿ ಬರೆಯುವುದಾಗಿಯೂ, ಗಡಿಗೆ ಜೋಪಾನ ಮಾಡಿದವನೆಂದು ಅದರಲ್ಲಿ ನನ್ನ ಹೆಸರು ಸೇರಿಸುವುದಾಗಿಯೂ ಹೇಳಿದರು.

ನನ್ನ ಹೆಸರು, ಕಲಿತವರ ಕಾಗದದಲ್ಲಿ. ಹಿಂದಿನವರೂ ಗಂಜಿ ಕುಡಿದಿರಬಹುದು, ಇದರಲ್ಲಿ ಸುಳ್ಳೆಲ್ಲಿ ಬಂತು ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಹೆಂಡತಿ ಗಂಗವ್ವ ಬಾಗಿಲ ಮರೆಯಿಂದ ನನ್ನನ್ನು ಒಳಗೆ ಕರೆದಳು.

“ಆ ಮನಿಶ್ಯಾ ಇದನ್ನ ಬರದು ನಾಳೆ ನಾಕು ಮಂದ್ಯಾಗ ತಲಿ ತಗ್ಗಸ್ಬೇಕಾ? ಮೇಸ್ತ್ರಿಕಿ ಹೋದ್ರ ಹೋಗ್ಲಿ, ಹೋಗಿ ಹೇಳ್ರಿ.”

ನೆಲ ನೋಡುತ್ತ ಹೇಳಿದೆ: “ಸಾಹೇಬ್ರ, ಆ ಗಂಜಿ ನಮ್ಮನೀದ್ರಿ.”

ಪಳಗಿಸಿದ್ದನ್ನೆಲ್ಲ ಕೇಳಿಕೊಂಡು ಅವರು ನಳಿಕೆಯ ನೀಲಿ ನೀರನ್ನು ಅಂಗಳಕ್ಕೆ ಚೆಲ್ಲಿದರು. ಔಷಧದ ಸೀಸೆಗೆ ಬಿರಡೆ ಹಾಕಿದರು. “ಹಳೇ ಮಂದೀದು ಏನರ ಉಳಿಸಿರೇನು?”

“ಗಡಿಗಿ ಅವರದ ಐತ್ರಿ.”

ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ನಕ್ಕುಬಿಟ್ಟರು. ಸಂತೋಷದ ನಗೆಯಲ್ಲ, ಇಡೀ ಊಟ ಮಣ್ಣುಪಾಲಾದಾಗ ಹಸಿದವನು ನಗುವ ನಗೆ. ಹೆದರಬೇಡ, ಅಗೆಸುವ ಅಧಿಕಾರಿಗೆ ನಾನೇ ಹೇಳುತ್ತೇನೆ ಎಂದರು. ಹಳೆ ಮಣ್ಣಿನಲ್ಲಿ ಹೊಸ ಗಂಜಿ ಹೇಗೆ ಕಾಣುತ್ತದೆಂದು ಗೊತ್ತಾದರೆ, ಮುಂದೆ ಬೇರೆ ಕಡೆ ಮೋಸ ಹೋಗುವುದು ತಪ್ಪುತ್ತದೆಂದು ಹೇಳಿ ನೋಟುಪುಸ್ತಕ ತೆರೆದರು. ಜೋಳದ ಹಿಟ್ಟು ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ಇಟ್ಟಿದ್ದು, ಎಣ್ಣೆ ಎಷ್ಟು ಸಲ ಸವರಿದ್ದು?

ನಾನು ಒಳಬಾಗಿಲ ಕಡೆ ನೋಡಿದೆ. ಕಡೆಗೆ ಗಂಗವ್ವನನ್ನೇ ಹೊರಗೆ ಕರೆಯಬೇಕಾಯಿತು. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು, ಪಾವು ಚಟಾಕಿನ ಲೆಕ್ಕದಲ್ಲಿ ತಡವರಿಸದೆ ಹೇಳಿದಳು. ಸಾಹೇಬರು ಎಲ್ಲವನ್ನೂ ಬರೆದುಕೊಂಡು, ಕೆಳಗೆ ಅವಳ ಹೆಸರನ್ನೂ ಬರೆದುಕೊಂಡರು. ಆ ಪುಟದಲ್ಲಿ ನನ್ನ ಹೆಸರಿಗೆ ಜಾಗವಿರಲಿಲ್ಲ.

ಮೇಸ್ತ್ರಿಕೆಯೇನೋ ಉಳಿಯಿತು. ಆಗಲೇ “ಪಳಗಿಸಿದೆ” ಎಂದು ಹೇಳಿದೆನಲ್ಲ, ಅದನ್ನು ತಿದ್ದಬೇಕಿತ್ತು. ಮೂರು ಗಡಿಗೆ ಎತ್ತಿ ಒಲೆಯ ಹತ್ತಿರ ಇಟ್ಟು, ಹೆಂಡತಿಗೆ “ಪಳಗಸು” ಎಂದವನಷ್ಟೇ ನಾನು. ಅದೂ ಒಂದು ದುಡಿತವೇ ಎಂದು ಈಗಲೂ ವಾದಿಸುತ್ತೇನೆ. ಗಂಗವ್ವ ಒಪ್ಪುವುದಿಲ್ಲ.